ಸಿಸ್ಟರ್‌ಗಳ ತೃಪ್ತಿ ಫಾರಂನಲ್ಲಿ ಇಲ್ಲ, ಹಾಜರಿ ಪುಸ್ತಕದಲ್ಲಿದೆ

ಸರ್ಕಾರಿ ಆಸ್ಪತ್ರೆಗೆ ಎನ್‌ಕ್ಯೂಎಎಸ್ ಎಂಬ ಕೇಂದ್ರದ ಗುಣಮಟ್ಟದ ಪ್ರಮಾಣಪತ್ರ ಬೇಕಾದರೆ, ರೋಗಿಗಳ ತೃಪ್ತಿಯ ಜೊತೆ ಸಿಬ್ಬಂದಿಯ ತೃಪ್ತಿಯನ್ನೂ ಅಳೆಯಬೇಕು. ನಿಯಮ ಒಳ್ಳೆಯದೇ. ನಮ್ಮ ತಕರಾರು ಇರುವುದು ಅಳೆಯುವ ರೀತಿಯ ಬಗ್ಗೆ.

ತುಂಬಿದ ಫಾರಂ ಮೇಲಧಿಕಾರಿಯ ಕೈಗೇ ಹೋಗುವುದಾದರೆ, ಗುತ್ತಿಗೆ ನವೀಕರಣಕ್ಕೆ ಅದೇ ಅಧಿಕಾರಿಯ ಮುಖ ನೋಡಬೇಕಾದ ಸಿಸ್ಟರ್ ಏನು ಬರೆದಾರು? 'ತೃಪ್ತಿ ಇದೆ' ಅಂತಲೇ. ಹೆಸರು ಬೇಡ ಅಂದರೂ, ಹತ್ತು ಜನರಿರುವ ಕಡೆ ಅಕ್ಷರ ನೋಡಿದರೆ ಯಾರದೆಂದು ಗೊತ್ತಾಗುತ್ತದೆ.

ಕೂಡುವ ಲೆಕ್ಕದಲ್ಲೂ ಮೋಸವಿದೆ. ಸಂಶೋಧಕರು ಬಳಸುವ ಅಳತೆಗೋಲೊಂದನ್ನು ಅಮೆರಿಕದ ಪಾಲ್ ಸ್ಪೆಕ್ಟರ್ 1985ರಲ್ಲಿ ಪ್ರಕಟಿಸಿದರು. ಸಂಬಳ, ಬಡ್ತಿ, ಮೇಲಧಿಕಾರಿ, ಸಹೋದ್ಯೋಗಿ, ಕೆಲಸದ ಸ್ವರೂಪ ಸೇರಿ 9 ವಿಷಯ, 36 ಹೇಳಿಕೆ, ಒಂದೊಂದಕ್ಕೂ 1ರಿಂದ 6 ಅಂಕ. ವಿಷಯವಾರು ನೋಡಿದರೆ ಉಪಯೋಗವಿದೆ. ಎಲ್ಲ ಕೂಡಿಸಿ 'ಸಾಧಾರಣ ತೃಪ್ತಿ' ಎಂದು ಬರೆದರೆ? ರೋಗಿ ಗುಣವಾಗಿ ಮನೆಗೆ ಹೋದ ಖುಷಿಗೆ ಕೊಟ್ಟ ಅಂಕ ಸಂಬಳದ ಸಂಕಟವನ್ನು ಮುಚ್ಚಿಹಾಕುತ್ತದೆ. ಕಾಯಂ ನರ್ಸ್‌ಗಳ ಅಂಕಕ್ಕೆ ಗುತ್ತಿಗೆಯವರ ಅಂಕ ಬೆರೆಸಿದರೂ ಅದೇ ಕಥೆ. ಸಿಸ್ಟರ್‌ಗಳ ಸೇವಾಭಾವವನ್ನೇ ಅವರ ವಿರುದ್ಧ ಸಾಕ್ಷಿ ಮಾಡಿದಂತೆ.

ಕೇಳದೆಯೇ ಎಣಿಸಬಹುದಾದ ಸಂಗತಿಗಳಿವೆ. ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಹಾಸಿಗೆ? ತಿಂಗಳಿಗೆ ಎಷ್ಟು ಡಬಲ್ ಡ್ಯೂಟಿ? ಎಷ್ಟು ರಜೆ ಅರ್ಜಿ ತಿರಸ್ಕಾರ? ಸಂಬಳ ಯಾವ ತಾರೀಖಿಗೆ? ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರು? ಹಾಜರಿ ಪುಸ್ತಕ, ಸಂಬಳದ ಪಟ್ಟಿ ತೆರೆದರೆ ಉತ್ತರ ಸಿಗುತ್ತದೆ. ಪುಸ್ತಕಕ್ಕೆ ಯಾರ ಹೆದರಿಕೆಯೂ ಇಲ್ಲ.

ಖಾಸಗಿಯವರನ್ನೂ ಬಿಡಬೇಕಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ನಿಮ್ಮ ತಾಲ್ಲೂಕಿನ ನರ್ಸಿಂಗ್ ಹೋಂನಲ್ಲಿ ಎಷ್ಟು ಕೊಡುತ್ತಾರೆ, ವಿಚಾರಿಸಿ ನೋಡಿ.

ಇದು ನರ್ಸ್‌ಗಳ ಜಗಳ, ನಮಗೇಕೆ ಅನ್ನಬೇಡಿ. ರಾತ್ರಿ ಎರಡು ಗಂಟೆಗೆ ನಿಮ್ಮ ಅವ್ವನ ಗ್ಲೂಕೋಸ್ ಬಾಟಲಿ ಖಾಲಿಯಾದಾಗ ಬರಬೇಕಾದವರು, ಅದಾಗಲೇ ಎರಡನೇ ಪಾಳಿಯಲ್ಲಿ ನಿಂತಿದ್ದರೆ ಕಷ್ಟ ಇಬ್ಬರಿಗೂ.

ಫಾರಂ ಇರಲಿ. ಆದರೆ ಅದನ್ನು ಹೊರಗಿನವರು ಪಡೆಯಲಿ, ಸಂಬಳದ ಅಂಕ ಬೇರೆಯಾಗಿ, ಗುತ್ತಿಗೆಯವರ ಅಂಕ ಬೇರೆಯಾಗಿ ಬರಲಿ. ಪಾಳಿಯ ಲೆಕ್ಕ ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಏರಲಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಕಡೆಯವರಿದ್ದರೆ, ಮುಂದಿನ ಸಭೆಯಲ್ಲೇ ಇದನ್ನು ಕೇಳಿಸಿ.