ಗಾಜಿನ ಕಡಲಿಗೆ ಯಾವ ಪಾಚಿ?

ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಹವಳದ ಜೀವಿಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ಸಾಕುವ ಹವ್ಯಾಸವು ಇಂದು ಅನೇಕ ದೇಶಗಳಲ್ಲಿ ಹಬ್ಬಿದೆ. ತೊಟ್ಟಿಯ ನೀರನ್ನು ನಿರ್ಮಲವಾಗಿಡುವುದಕ್ಕಾಗಿ ಕೆಲವರು ಅದರೊಡನೆ ಕಡಲಪಾಚಿಯನ್ನೂ ಬೆಳೆಸುವರು. ಯಾವ ಪಾಚಿಯನ್ನು ಆರಿಸಬೇಕೆಂಬುದು ಮೇಲುನೋಟಕ್ಕೆ ಹವ್ಯಾಸಿಗಳ ಮನೆಯ ಮಾತು. ಆದರೆ ಇದು ಗಾಜಿನ ಗೋಡೆಗಳೊಳಗೆ ಮುಗಿಯುವ ಪ್ರಶ್ನೆಯಲ್ಲ. ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ಪಾಚಿಯೇ ಎಲ್ಲಕ್ಕಿಂತ ಉತ್ತಮವೆಂಬ ಭಾವನೆ ಸರಿಯಲ್ಲವೆಂದು ಇಲ್ಲಿ ತೋರಿಸಬಯಸುತ್ತೇವೆ.

ಮೊದಲು ಪಾಚಿಯ ಅವಶ್ಯಕತೆಯನ್ನು ವಿಚಾರಿಸೋಣ. ಮೀನಿಗೆ ಹಾಕಿದ ಆಹಾರದಲ್ಲಿ ಸಾರಜನಕವೂ ರಂಜಕವೂ ಇರುತ್ತವೆ. ಮೀನು ಅದನ್ನು ತಿಂದು ಅಮೋನಿಯವನ್ನು ವಿಸರ್ಜಿಸುತ್ತದೆ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ವಿಷದ ತೀವ್ರತೆ ತಗ್ಗಿತು, ನಿಜ. ಆದರೆ ಸಾರಜನಕವು ರೂಪವನ್ನು ಬದಲಿಸಿತೇ ಹೊರತು ತೊಟ್ಟಿಯನ್ನು ಬಿಟ್ಟು ಹೋಗಲಿಲ್ಲ. ಆಮ್ಲಜನಕವಿಲ್ಲದ ಮರಳಿನ ಆಳದಲ್ಲಿ ಅದರ ಸ್ವಲ್ಪ ಭಾಗ ಅನಿಲವಾಗಿ ಹೊರಹೋಗಬಹುದು. ರಂಜಕಕ್ಕೆ ಆ ದಾರಿಯೂ ಇಲ್ಲ. ಅದು ಫಾಸ್ಫೇಟಾಗಿ ಸಂಗ್ರಹವಾಗುತ್ತಲೇ ಇರುತ್ತದೆ. ಹವಳದ ದಿಬ್ಬಗಳು ಸಾಮಾನ್ಯವಾಗಿ ಪೋಷಕಾಂಶಗಳು ಬಹು ಕಡಮೆಯಿರುವ ನೀರಿನಲ್ಲಿ ಬೆಳೆಯತಕ್ಕವು. ಹೆಚ್ಚಿದ ಫಾಸ್ಫೇಟು ಹವಳವು ಸುಣ್ಣದ ಅಸ್ಥಿಯನ್ನು ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ.

ದ್ರವ್ಯವು ತಾನಾಗಿ ಮಾಯವಾಗದು ಎಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುವ ನಿಯಮ. ಇಲ್ಲಿ ಅದನ್ನೇ ಲೆಕ್ಕಕ್ಕೆ ಇಳಿಸೋಣ. 100 ಲೀಟರು ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟು ಇದೆಯೆಂದು ಇಟ್ಟುಕೊಳ್ಳಿ. ಒಟ್ಟು ನೈಟ್ರೇಟು 1 ಗ್ರಾಂ. ಅದರ 62 ಭಾಗದಲ್ಲಿ ಸಾರಜನಕ 14 ಭಾಗ. ಎಂದರೆ ಸುಮಾರು 0.23 ಗ್ರಾಂ. ಒಣಗಿದ ಪಾಚಿಯ ತೂಕದಲ್ಲಿ ಸಾರಜನಕ ಶೇಕಡಾ 3 ಎಂದೂ, ಹಸಿ ಪಾಚಿಯ ಹತ್ತರಲ್ಲಿ ಒಂಬತ್ತು ಪಾಲು ನೀರೆಂದೂ ಭಾವಿಸಿದರೆ, ಆ ಸಾರಜನಕವನ್ನು ಹೊರತೆಗೆಯಲು ಸುಮಾರು 75 ಗ್ರಾಂ ಹಸಿ ಪಾಚಿ ಬೆಳೆಯಬೇಕು. ಬೆಳೆದದ್ದನ್ನು ಕೊಯ್ದು ಹೊರಗೆ ತೆಗೆಯಬೇಕು. ಈ ಎರಡನೆಯ ಮಾತು ಮುಖ್ಯವಾದದ್ದು. ಪಾಚಿ ನೀರನ್ನು ಶುದ್ಧಮಾಡುವುದಿಲ್ಲ. ಮಾಲಿನ್ಯವನ್ನು ತನ್ನ ಒಡಲಲ್ಲಿ ಕಟ್ಟಿಡುತ್ತದೆ, ಅಷ್ಟೆ. ಶುದ್ಧಿಯ ಕೆಲಸವನ್ನು ಪೂರೈಸುವುದು ಕೊಯ್ಯುವ ಕೈ. ಕೊಯ್ಯದೆ ಬಿಟ್ಟ ಪಾಚಿ ಕೊಳೆತರೆ ಕಟ್ಟಿದ ಗಂಟು ಮತ್ತೆ ನೀರಿಗೇ ಬಿಚ್ಚಿಕೊಳ್ಳುತ್ತದೆ.

ಹಾಗಾದರೆ ಯಾವ ಪಾಚಿ? ಕಾಲೆರ್ಪ ಎಂಬ ಜಾತಿಯ ಪಾಚಿಗಳು ನೋಡಲು ಸುಂದರ, ಬೆಳವಣಿಗೆಯೂ ಶೀಘ್ರ. ಆದರೆ ಅಡಿಗಟ್ಟಲೆ ಹರಡಿದರೂ ಇಂಥ ಪಾಚಿಯ ಒಡಲೆಲ್ಲವೂ ಅಡ್ಡಗೋಡೆಗಳಿಲ್ಲದ ಒಂದೇ ಜೀವಕೋಶ. ಸಂತಾನೋತ್ಪತ್ತಿಯ ಕಾಲ ಬಂದಾಗ ಅದು ತನ್ನ ಜೀವದ್ರವ್ಯವನ್ನೆಲ್ಲ ಲಿಂಗಾಣುಗಳಾಗಿ ಮಾಡಿ ನೀರಿಗೆ ಚೆಲ್ಲಿ, ಬಿಳಿಯ ಬರಿದೊಗಲಾಗಿ ಉಳಿಯುತ್ತದೆ. ತಿಂಗಳುಗಟ್ಟಲೆ ಕೂಡಿಟ್ಟ ಪೋಷಕಾಂಶ ಒಂದೇ ದಿನದಲ್ಲಿ ತೊಟ್ಟಿಗೆ ಮರಳುವುದು. ಹ್ಯಾಲಿಮೀಡ ಪಾಚಿಯಲ್ಲಿಯೂ ಈ ಗುಣವಿದೆ. ಮೇಲಾಗಿ, ಅದು ತನ್ನ ಒಡಲಿಗೆ ಸುಣ್ಣವನ್ನು ಹೀರಿ ಹವಳದೊಡನೆ ಸ್ಪರ್ಧಿಸುತ್ತದೆ. ಕೆಂಪು ಬಣ್ಣದ ಗ್ರಾಸಿಲೇರಿಯ ಮೀನಿಗೆ ಒಳ್ಳೆಯ ಮೇವು. ಕೀಟೊಮಾರ್ಫ ಎಂಬುದು ಬಿರುಸಾದ ಹಸುರು ದಾರಗಳ ಸಿಕ್ಕಿನಂತಿರುವ ಪಾಚಿ. ತೊಟ್ಟಿಯಲ್ಲಿ ಅದು ಬೇರೂರದೆ ಮುದ್ದೆಯಾಗಿ ಬೆಳೆಯುವುದು. ಬೇಕಾದಷ್ಟನ್ನು ಕೈಯಿಂದ ಎತ್ತಿ ತೆಗೆಯಬಹುದು. ತುಂಡುಗಳು ಪಂಪಿಗೆ ಸಿಕ್ಕಿಕೊಳ್ಳುವುದುಂಟು. ಅದಕ್ಕೆ ಒಂದು ಜಾಲರಿ ಸಾಕು. ಇದನ್ನು ಬೇರೊಂದು ಚಿಕ್ಕ ತೊಟ್ಟಿಯಲ್ಲಿಟ್ಟು, ಹವಳದ ತೊಟ್ಟಿಯ ದೀಪ ಆರಿದ ಹೊತ್ತಿನಲ್ಲಿ ಇದಕ್ಕೆ ಬೆಳಕು ಕೊಡುವುದು ಮೇಲು. ಆಗ ರಾತ್ರಿಯ ಉಸಿರಾಟದಿಂದ ಹೆಚ್ಚುವ ಇಂಗಾಲದ ಡೈ ಆಕ್ಸೈಡನ್ನು ಪಾಚಿ ಹೀರಿಕೊಳ್ಳುವುದರಿಂದ ನೀರಿನ ಕ್ಷಾರತ್ವದ ಏರಿಳಿತವೂ ತಗ್ಗುವುದು.

ಕಾಲೆರ್ಪದ ವಿಷಯದಲ್ಲಿ ನಮ್ಮ ಆಕ್ಷೇಪ ಇಷ್ಟಕ್ಕೇ ನಿಲ್ಲುವುದಿಲ್ಲ. 1984ರಲ್ಲಿ ಮೆಡಿಟರೇನಿಯನ್ ಸಮುದ್ರದ ಮೊನಾಕೊ ತೀರದಲ್ಲಿ, ಅಲ್ಲಿಯ ಸಮುದ್ರವಿಜ್ಞಾನ ಸಂಗ್ರಹಾಲಯದ ಕೆಳಗೆ, ಕಾಲೆರ್ಪ ಟ್ಯಾಕ್ಸಿಫೋಲಿಯದ ಒಂದು ಪುಟ್ಟ ಹಸುರು ಚಾಪೆ ಕಾಣಿಸಿತು. ಅದರ ವಿಸ್ತಾರ ಸುಮಾರು ಒಂದು ಚದರ ಮೀಟರು. 1989ರ ವೇಳೆಗೆ ಅದು ಒಂದು ಹೆಕ್ಟೇರನ್ನು ಆವರಿಸಿತ್ತು. ಫ್ರಾನ್ಸಿನ ಜೀವವಿಜ್ಞಾನಿ ಅಲೆಕ್ಸಾಂಡರ್ ಮೈನೆಸ್ ಎಚ್ಚರಿಸಿದರು, ವಾದವಿವಾದಗಳು ನಡೆದವು, ಪಾಚಿ ಮಾತ್ರ ವಾದ ಮುಗಿಯಲೆಂದು ಕಾಯಲಿಲ್ಲ. ಅದು ಇಟಲಿ, ಸ್ಪೇನ್, ಕ್ರೊಯೇಷಿಯಗಳ ತೀರವನ್ನೂ ಮುಟ್ಟಿತು. ಅದು ಮತ್ಸ್ಯಾಲಯಗಳಲ್ಲಿ ಬೆಳೆಸುತ್ತಿದ್ದ ತಳಿಯೇ ಎಂಬುದನ್ನು ಅನುವಂಶಿಕ ಪರೀಕ್ಷೆಗಳು ತೋರಿಸಿದವು. 2000ದಲ್ಲಿ ಅದೇ ತಳಿ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಕಾಣಿಸಿತು. ಪಾಚಿಗೆ ಹೊದಿಕೆ ಹಾಸಿ, ಒಳಗೆ ಕ್ಲೋರೀನು ಹಾಯಿಸಿ, 2006ರ ಹೊತ್ತಿಗೆ ನಿರ್ಮೂಲಮಾಡುವಲ್ಲಿ ಎಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿ ವೆಚ್ಚವಾಯಿತು. ಮೆಡಿಟರೇನಿಯನ್ನಿನ ಅನೇಕ ಕಡೆ ಆ ಪಾಚಿ ಮುಂದೆ ತಾನಾಗಿ ಹಿಂಜರಿಯಿತೆಂಬುದು ನಿಜ. ಆದರೆ ಮನೆಗೆ ಬಿದ್ದ ಬೆಂಕಿ ಮಳೆಯಿಂದ ಆರಿತೆಂದು ಕಿಡಿ ಹಾರಿಸಿದವನನ್ನು ಯಾರೂ ಹೊಗಳಲಾರರು.

ಕಾಲೆರ್ಪ ನಮ್ಮ ಉಷ್ಣವಲಯದ ಸಮುದ್ರಗಳಲ್ಲಿ ಸಹಜವಾಗಿಯೇ ಇದೆಯಲ್ಲವೇ, ಭಯವೇಕೆ ಎಂದು ಕೆಲವರು ಕೇಳಬಹುದು. ದೋಷ ಪಾಚಿಯದಲ್ಲ, ಅದನ್ನು ಸಲ್ಲದ ಸ್ಥಳಕ್ಕೆ ಸೇರಿಸುವ ನಮ್ಮದು. ನಮ್ಮ ದೇಶದಲ್ಲಿ ಕೃಷಿಗೆಂದು ತಂದು ಬೆಳೆಸಿದ ಕಪ್ಪಾಫೈಕಸ್ ಪಾಚಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಜೀವಂತ ಹವಳಗಳ ಮೇಲೆಯೇ ಹಬ್ಬಿರುವುದು 2008ರಲ್ಲಿ ವರದಿಯಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲಂಕಾರಕ್ಕೆಂದು ಬಂದ ಲಂಟಾನ ನಮ್ಮ ಕಾಡುಗಳನ್ನು ಹೊಕ್ಕ ಬಗೆಯನ್ನು ಬಲ್ಲ ನಮಗೆ ಈ ಪಾಠವನ್ನು ಪರದೇಶದಿಂದ ಕಲಿಯಬೇಕಾಗಿಲ್ಲ.

ಆದ್ದರಿಂದ ಪಾಚಿಯನ್ನು ಆರಿಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದನ್ನು ಪೂರ್ತಿಯಾಗಿ ಹಿಡಿದು ಹೊರತೆಗೆಯಬಹುದೇ? ಹೀರಿದ್ದನ್ನು ಒಮ್ಮೆಲೇ ಕಕ್ಕುವುದೇ? ತಪ್ಪಿಸಿಕೊಂಡ ಒಂದು ತುಂಡು ಬೇರೆಡೆ ಬದುಕಿ ಹಬ್ಬೀತೇ? ಈ ಪರೀಕ್ಷೆಯ ಮೊದಲೆರಡರಲ್ಲಿ ಕೀಟೊಮಾರ್ಫವೇ ಮೇಲು. ಮೂರನೆಯದರಲ್ಲಿ ಯಾವ ಪಾಚಿಗೂ ಪೂರ್ಣ ವಿಶ್ವಾಸ ಸಲ್ಲದು. ಕೊಯ್ದದ್ದು ಕೀಟೊಮಾರ್ಫವೇ ಆಗಲಿ, ಅದನ್ನು ಚೆನ್ನಾಗಿ ಒಣಗಿಸಿಯೋ ಹೆಪ್ಪುಗಟ್ಟಿಸಿ ಕೊಂದೋ ಕಸಕ್ಕೆ ಹಾಕಬೇಕು. ಚರಂಡಿಗಾಗಲಿ ಹೊಳೆಗಾಗಲಿ ಕಡಲಿಗಾಗಲಿ ಹಾಕಬಾರದು. ಹಾಗೆಯೇ ಪೋಷಕಾಂಶವನ್ನು ಸೊನ್ನೆಗೆ ಇಳಿಸುವ ಹಟವೂ ಬೇಡ. ಹವಳಕ್ಕೂ ಅದರೊಳಗಿನ ಸೂಕ್ಷ್ಮ ಪಾಚಿಗೂ ಅಲ್ಪ ಪ್ರಮಾಣದಲ್ಲಿ ಅದು ಬೇಕು.

ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಅದನ್ನು ನಿಲ್ಲಿಸುವ ಬಗೆಯನ್ನು ತಿಳಿದಿರಬೇಕೆಂದು ವಿದ್ಯಾರ್ಥಿಗಳಿಗೆ ನಾವು ಹೇಳುವುದುಂಟು. ಜೀವವಿರುವ ಉಪಕರಣಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಗಾಜಿನ ತೊಟ್ಟಿಯಲ್ಲಿ ಕಡಲನ್ನು ಕಾಣಬಯಸುವವರು ನಿಜವಾದ ಕಡಲಿನ ಋಣವನ್ನು ಮರೆಯಬಾರದು.