ಡಬ್ಬಿಯ ಮೇಲಿನ ತಾರೀಖು

ಮಳೆಗಾಲ ಹಿಡಿಯುವ ಮುನ್ನ ಅಡುಗೆಮನೆಯ ಕಪಾಟನ್ನು ಬರಿದು ಮಾಡಿ ಒರೆಸುವ ಕೆಲಸ ಪುಣೆಯ ನಮ್ಮ ಮನೆಗಳಲ್ಲಿ ನಡೆಯುವದುಂಟು. ಆಗ ಹಿಂದಿನ ಸಾಲಿನಿಂದ ಮರೆತುಹೋದ ಪೊಟ್ಟಣಗಳು ಹೊರಬರುತ್ತವೆ: ಅರ್ಧ ಉಳಿದ ರವೆ, ಕಳೆದ ವರುಷದ ಶಾವಿಗೆ, ತಳ ಹಿಡಿದ ಮಸಾಲೆಪುಡಿ. ಮೇಲಿನ ತಾರೀಖು ಮೀರಿದೆಯೆಂದು ಕಂಡೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಮಕ್ಕಳು ಎಸೆಯಬೇಕೆನ್ನುತ್ತಾರೆ, ಅಜ್ಜಿಯರು ಅನ್ನವನ್ನು ಚೆಲ್ಲಬಾರದೆನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ತಾರೀಖಿನ ಅರ್ಥವನ್ನು ತಿಳಿಯೋಣ. ನಮ್ಮ ದೇಶದ ೨೦೨೦ರ ಲೇಬಲ್ ನಿಯಮಗಳು ಎರಡು ಬಗೆಯ ತಾರೀಖುಗಳನ್ನು ಹೇಳುತ್ತವೆ. ‘ಬೆಸ್ಟ್ ಬಿಫೋರ್’ ಎಂದಿದ್ದರೆ, ಅಲ್ಲಿಯವರೆಗೆ ರುಚಿ, ಪರಿಮಳ, ಗುಣಗಳು ಪೂರ್ಣವಾಗಿರುವವೆಂದು ತಯಾರಿಸಿದವನು ಕೊಟ್ಟ ಮಾತು ಅದು. ಮರುದಿನವೇ ಪದಾರ್ಥ ವಿಷವಾಗುವದೆಂದು ಅದರ ಅರ್ಥವಾಗದು. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದರೆ, ಆ ದಿನ ಕಳೆದ ಮೇಲೆ ಅದನ್ನು ಮಾರಲೇಕೂಡದು. ನಾವೂ ಅದನ್ನು ಮೀರದಿರುವದು ಲೇಸು. ಎಳೆಗೂಸಿನ ಆಹಾರದ ಪುಡಿಯ ವಿಷಯದಲ್ಲಂತೂ ಈ ಮಾತಿಗೆ ವಿನಾಯಿತಿಯೇ ಇಲ್ಲ. ಎರಡೂ ತಾರೀಖುಗಳು ಒಡೆಯದ ಪೊಟ್ಟಣಕ್ಕೆ, ಅದರ ಮೇಲೆ ಹೇಳಿದಂತೆ ಕಾಪಾಡಿದ್ದಕ್ಕೆ ಮಾತ್ರ ಸಲ್ಲುತ್ತವೆ. ಆಷಾಢದ ತಂಪು ಗಾಳಿಗೆ ಬಾಯಿ ತೆರೆದಿಟ್ಟ ಪೊಟ್ಟಣಕ್ಕೆ ಯಾವ ತಾರೀಖಿನ ರಕ್ಷಣೆಯೂ ಇರದು.

ಎಲ್ಲ ಪದಾರ್ಥಗಳ ಆಯುಷ್ಯವೂ ಒಂದೇ ಅಲ್ಲ. ಉಪ್ಪು, ಸಕ್ಕರೆಗಳು ಒಣಗಿದ್ದರೆ ವರುಷಗಟ್ಟಲೆ ಕೆಡವು. ಹಳೆಯ ಅಕ್ಕಿ, ಹಳೆಯ ಹುಣಸೆಹಣ್ಣುಗಳನ್ನು ನಮ್ಮವರು ಹುಡುಕಿ ಕೊಳ್ಳುತ್ತಾರೆ. ಒಣ ಮಸಾಲೆ ಹಳತಾದರೆ ಪರಿಮಳವನ್ನು ಕಳೆದುಕೊಳ್ಳುವದು, ಅಷ್ಟೇ. ಆದರೆ ಎಣ್ಣೆಯಂಶವುಳ್ಳ ಪದಾರ್ಥಗಳ ಮಾತೇ ಬೇರೆ. ಸಜ್ಜೆಯನ್ನು ಬೀಸಿದ ಕೆಲವೇ ದಿನಗಳಲ್ಲಿ ಅದರ ಹಿಟ್ಟು ಕಹಿಯಾಗುವದು. ಭೋಗಿಯ ದಿನ ರೊಟ್ಟಿ ಬಡಿಯುವ ತಾಯಂದಿರು ಹೊಸ ಹಿಟ್ಟನ್ನೇ ಬಯಸುವದು ಸುಮ್ಮನೆ ಅಲ್ಲ. ಊರಿನಿಂದ ಬಂದ ಶೇಂಗಾ ಚಟ್ನಿಪುಡಿಯ ಮೇಲೆ ತಾರೀಖೇ ಇರುವದಿಲ್ಲ. ಕಮಟು ವಾಸನೆಯೇ ಅದರ ತಾರೀಖು.

ತಾರೀಖಿಗಿಂತ ದೊಡ್ಡ ವೈರಿ ತೇವ. ೧೯೯೫ರಲ್ಲಿ ದಖ್ಖಣದ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಗೋವಿನಜೋಳದ ರೊಟ್ಟಿಯನ್ನುಂಡವರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಬೂಷ್ಟಿನಲ್ಲಿ ಹುಟ್ಟುವ ಫ್ಯೂಮೋನಿಸಿನ್ ಎಂಬ ವಿಷವೇ ಅದಕ್ಕೆ ಕಾರಣವೆಂದು ತಜ್ಞರು ಕಂಡರು. ೧೯೭೪ರಲ್ಲಿ ರಾಜಸ್ಥಾನ, ಗುಜರಾತಗಳ ಆದಿವಾಸಿ ಹಳ್ಳಿಗಳಲ್ಲಿ ಆದದ್ದು ಇನ್ನೂ ಘೋರ. ಬೂಷ್ಟು ಹಿಡಿದ ಗೋವಿನಜೋಳದಲ್ಲಿದ್ದ ಅಫ್ಲಟಾಕ್ಸಿನ್ ಎಂಬ ವಿಷದಿಂದ ಯಕೃತ್ತು ಕೆಟ್ಟು, ನೂರಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟರು. ಆ ಧಾನ್ಯ ಹಳೆಯದಾಗಿರಲಿಲ್ಲ. ಅದರ ಮೇಲೆ ಯಾವ ತಾರೀಖೂ ಇರಲಿಲ್ಲ. ಬೇಯಿಸಿದರೂ ಸುಟ್ಟರೂ ಈ ವಿಷ ಪೂರ್ಣವಾಗಿ ಅಳಿಯದು. ಆದುದರಿಂದ ಬೂಷ್ಟು ಕಂಡ ಕಾಳು, ಹಿಟ್ಟು, ಶೇಂಗಾಗಳನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಆಸೆ ಬೇಡ. ಉಬ್ಬಿದ ತಗಡಿನ ಡಬ್ಬಿಯನ್ನು ತಾರೀಖು ಮೀರದಿದ್ದರೂ ತೆರೆಯದೆ ಎಸೆಯಬೇಕು.

ಇನ್ನೊಂದು ಮಾತು ನಮ್ಮ ಮನಸ್ಸಿಗೆ ಹತ್ತಿದ್ದು. ೨೦೧೯ರ ಆಗಸ್ಟದಲ್ಲಿ ಕೃಷ್ಣೆ, ಪಂಚಗಂಗೆಗಳು ಉಕ್ಕಿ ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳ ಜನ ನೀರಿನಲ್ಲಿ ನಿಂತಾಗ, ನಮ್ಮ ಕೇರಿಯಲ್ಲಿಯೂ ಧಾನ್ಯ ಕೂಡಿಸಿದೆವು. ಚೀಲಗಳನ್ನು ಬಿಚ್ಚಿ ನೋಡಿದರೆ ಒಳ್ಳೆಯ ಅಕ್ಕಿ ಬೇಳೆಗಳ ನಡುವೆ ತಾರೀಖು ಮೀರಿದ, ಹುಳು ಹಿಡಿದ, ಗಂಟುಗಟ್ಟಿದ ಪೊಟ್ಟಣಗಳೂ ಇದ್ದವು. ಮನೆಯವರು ತಾವು ಉಣ್ಣಲೊಲ್ಲದ್ದನ್ನು ಎಸೆಯಲೂ ಆರದೆ, ದಾನವೆಂದು ಕಳಿಸಿದ್ದರು. ಕೆಲಸಕ್ಕೆ ಬರುವ ಬಾಯಿಯ ಕೈಗೆ ಇಂಥ ಪೊಟ್ಟಣವನ್ನಿಟ್ಟು ಪುಣ್ಯ ಬಂತೆಂದುಕೊಳ್ಳುವ ಮನೆಗಳೂ ಉಂಟು. ಬಡವರ ಹೊಟ್ಟೆ ನಮ್ಮ ಹೊಟ್ಟೆಗಿಂತ ಗಟ್ಟಿಯೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಪದಾರ್ಥ ಒಳ್ಳೆಯದಾಗಿದ್ದರೆ ಮೊದಲು ನಾವೇ ಉಣ್ಣೋಣ. ಕೆಟ್ಟಿದ್ದರೆ ಯಾರಿಗೂ ಕೊಡದಿರೋಣ. ಕೊಡಬೇಕೆಂಬ ಮನಸ್ಸಿದ್ದರೆ ತಾರೀಖು ಇರುವಾಗಲೇ ಕೊಡೋಣ.

ವಿದ್ಯಾರ್ಥಿ ಮಿತ್ರರೇ, ಈ ಕೆಲಸ ನಿಮ್ಮಿಂದ ಆಗತಕ್ಕದ್ದು. ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದಲು ಅಜ್ಜಿಯ ಕಣ್ಣಿಗಾಗದು. ಕಮಟು ಹಿಡಿದ ಶೇಂಗಾ ಯಾವುದೆಂದು ತಿಳಿಯಲು ನಿಮ್ಮ ಮೂಗು ಇನ್ನೂ ಪಳಗಿಲ್ಲ. ನೀವು ಆಕೆಗೆ ತಾರೀಖನ್ನು ಓದಿ ಹೇಳಿರಿ. ಆಕೆಯಿಂದ ಕಾಳನ್ನು ಮುಟ್ಟಿ, ಮೂಸಿ, ಕಚ್ಚಿ ನೋಡುವ ವಿದ್ಯೆಯನ್ನು ಕಲಿಯಿರಿ. ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದಿಡಿರಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಹೀಗೆ ಕಳೆದರೆ ಎಸೆಯುವ ಪ್ರಸಂಗವೇ ವಿರಳವಾದೀತು. ಅಜ್ಜಿ ಮೊಮ್ಮಕ್ಕಳ ವಾದವೂ ತಾನಾಗಿ ಮುಗಿದೀತು.