ಆರೋಗ್ಯ ಸಂವಹನ ಓದಲು ಹೊರಟವರೇ, ಮೊದಲು ಈ ಮೂರು ಪ್ರಶ್ನೆ ಕೇಳಿ

ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಡಿಗ್ರಿ ಮುಗಿಸಿ, ಮುಂದೆ ಸಾರ್ವಜನಿಕ ಆರೋಗ್ಯ ಸಂವಹನ ಓದಬೇಕು ಅನ್ನುವವರು ಇದ್ದಾರೆ. ಒಳ್ಳೆಯ ಯೋಚನೆ. ಆದರೆ ಕೋರ್ಸ್ ಆರಿಸುವಾಗ ಕೇಳುವುದೇನು? ರ‍್ಯಾಂಕ್ ಎಷ್ಟು, ಕ್ಯಾಂಪಸ್ ಹೇಗಿದೆ, ಪ್ಲೇಸ್‌ಮೆಂಟ್ ಉಂಟಾ? ಕೊಬ್ಬರಿ ಮಾರಿದ ದುಡ್ಡಲ್ಲಿ ಫೀಸು ಕಟ್ಟುವ ಮನೆಯವರು ಕೆಲಸದ ಬಗ್ಗೆ ಕೇಳುವುದು ತಪ್ಪಲ್ಲ. ಅಷ್ಟನ್ನೇ ಕೇಳಿ ಸೇರುವುದು ತಪ್ಪು.

ಯಾಕೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. 2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. '40 ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತ' ಎಂದು ಟಿವಿಗಳು ದಿನವೂ ಎಣಿಸಿದವು. ವಾಟ್ಸಾಪ್ ಅದಕ್ಕೆ ಒಗ್ಗರಣೆ ಹಾಕಿತು. ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯ ಕಡೆ ಬೊಟ್ಟು ಮಾಡಿದರು. ಮಾರನೇ ದಿನ ಕೇಂದ್ರ ಆರೋಗ್ಯ ಸಚಿವಾಲಯ ಸಂಬಂಧವಿಲ್ಲ ಎಂದಿತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಂತರು.

ಆಮೇಲೆ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಹೃದಯದ ಕಾಯಿಲೆಯವೇ ಅಲ್ಲ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದಿತು. ಅಷ್ಟರಲ್ಲಿ ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು.

ಈ ಕೆಲಸ ಮೊದಲ ದಿನವೇ ಆಗಬಹುದಿತ್ತು. ಲೆಕ್ಕ ನೋಡಿ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯಲ್ಲಿ 17.76 ಲಕ್ಷ ಜನ. ವರ್ಷಕ್ಕೆ ಸಾವಿರಕ್ಕೆ 7 ಸಾವು ಎಂದು ಅಂದಾಜು ಹಿಡಿದರೂ 40 ದಿನಕ್ಕೆ 1,300ರ ಮೇಲಾಯಿತು. ದೇಶದಲ್ಲಿ ಸಾಯುವ ನಾಲ್ವರಲ್ಲಿ ಸುಮಾರು ಒಬ್ಬರದು ಹೃದಯ, ರಕ್ತನಾಳದ ಕಾಯಿಲೆ. ಅಂದರೆ ಯಾವ ಗದ್ದಲವೂ ಇಲ್ಲದ 40 ದಿನದಲ್ಲೂ ಜಿಲ್ಲೆಯಲ್ಲಿ ಅಂಥ ಸಾವು 300ರ ಆಸುಪಾಸು. ಹಾಗಂತ ಸತ್ತವರ ಮನೆಯ ನೋವು ಸಣ್ಣದಲ್ಲ. ಚಿಕ್ಕ ವಯಸ್ಸಿನವರೂ ಇದ್ದರು. ಆದರೆ ಹೇಳಬೇಕಿದ್ದ ಸುದ್ದಿ 40 ದಿನದ್ದಲ್ಲ, ವರ್ಷವಿಡೀ ಒಳಗೊಳಗೇ ತಿನ್ನುವ ಬಿಪಿ, ಶುಗರ್, ಬೀಡಿ, ಸಿಗರೇಟಿನದ್ದು.

ಹಾಗಾಗಿ ಕಾಲೇಜಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಲೆಕ್ಕ ಕಲಿಸುತ್ತೀರಾ? ರೋಗ ಎಷ್ಟು ಜನರಲ್ಲಿ ಎಷ್ಟು ಮಂದಿಗೆ, ಹೋದ ವರ್ಷ ಎಷ್ಟಿತ್ತು ಎಂದು ಕೇಳಲು ಕಲಿಸದೆ ಬರೀ ವಿಡಿಯೋ, ಪೋಸ್ಟರ್ ಮಾಡಿಸುವ ಕೋರ್ಸು ನಿಮ್ಮನ್ನು ಇನ್ನೊಬ್ಬ ವಾಟ್ಸಾಪ್ ಪಂಡಿತನನ್ನಾಗಿ ಮಾಡುತ್ತದೆ, ಅಷ್ಟೇ.

ಎರಡನೆಯದು: ಹಳ್ಳಿಗೆ ಎಷ್ಟು ತಿಂಗಳು ಕಳಿಸುತ್ತೀರಿ? ಒಂದು ದಿನದ ಶಿಬಿರಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬರುವುದಲ್ಲ. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ತಿರುಗಬೇಕು. ಅರಸೀಕೆರೆ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. 'ಕುದಿಸಿ ಕುಡಿಯಿರಿ' ಎಂಬ ಮಾಮೂಲಿ ಪೋಸ್ಟರ್ ಅಲ್ಲಿ ಕೆಲಸಕ್ಕೆ ಬಾರದು, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬೇಲೂರಿನ ಕಾಫಿ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರಿದ್ದಾರೆ, ಅವರಿಗೆ ಕನ್ನಡದ ಕರಪತ್ರ ಓದಲು ಬಾರದು. ಇದೆಲ್ಲ ಎಸಿ ರೂಮಲ್ಲಿ ಕೂತರೆ ತಿಳಿಯುತ್ತದೆಯೇ?

ಮೂರನೆಯದು: ಕನ್ನಡದಲ್ಲಿ ಬರೆಸುತ್ತೀರಾ? 'ಕನ್ನಡದಲ್ಲಿ ಮಾಡಿದರೆ ಕೆಲಸ ಎಲ್ಲಿ ಸಿಗುತ್ತೆ' ಅನ್ನುವವರಿದ್ದಾರೆ. ಸಂಶೋಧನೆ ಓದಲು ಇಂಗ್ಲಿಷ್ ಬೇಕು, ಕಲಿಯಿರಿ. ಆದರೆ ಎದೆನೋವು ಬಂದವನ ಹೆಂಡತಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ? ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡಲು ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಮಾಡಿದೆ. ಮೈಸೂರಿನ ಸಾಲಲ್ಲಿ ನಿಂತವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ಹೃದಯಾಘಾತದಲ್ಲಿ ಮೊದಲ ಒಂದು ಗಂಟೆಯೇ ಜೀವ. ಆ ಗಂಟೆಯಲ್ಲಿ ಹತ್ತಿರದ ಆಸ್ಪತ್ರೆಗೆ ಓಡಬೇಕೆಂದು ಮನೆಯವರಿಗೆ ಮೊದಲೇ ತಿಳಿದಿರಬೇಕು. ಅದನ್ನು ತಿಳಿಸುವುದೇ ಈ ಓದಿನ ಕೆಲಸ.

ಇದೇ ಹೆಸರಿನ ಪದವಿ ಸಿಗದಿದ್ದರೆ ಕೈಚೆಲ್ಲಬೇಡಿ. ಮಣಿಪಾಲ, ಮೈಸೂರು, ಬೆಂಗಳೂರಿನಲ್ಲಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ. ಕೆಲವು ಕಡೆ ಯಾವ ಡಿಗ್ರಿಯವರಿಗೂ ಸೀಟು ಉಂಟು, ಕೆಲವು ಕಡೆ ಆರೋಗ್ಯದ ಡಿಗ್ರಿಯೇ ಬೇಕು. ವಿಚಾರಿಸಿಕೊಳ್ಳಿ. ಲೆಕ್ಕ ಗಟ್ಟಿಯಾಗಿ ಕಲಿತವನಿಗೆ ವಿಡಿಯೋ ಎಡಿಟಿಂಗ್ ಮೂರು ತಿಂಗಳ ಕೆಲಸ. ಎಡಿಟಿಂಗ್ ಮಾತ್ರ ಕಲಿತವನಿಗೆ ರೋಗದ ಲೆಕ್ಕ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳಿಗೂ ಒಂದು ಮಾತು. ಪತ್ರಿಕೋದ್ಯಮ ವಿಭಾಗವನ್ನೂ ವೈದ್ಯಕೀಯ ಕಾಲೇಜನ್ನೂ ಒಂದೇ ಮೇಜಿಗೆ ಕೂರಿಸಿ ಈ ಕೋರ್ಸನ್ನು ಕನ್ನಡದಲ್ಲಿ ಶುರು ಮಾಡಲು ಇನ್ನೆಷ್ಟು ಸಾವು ಎಣಿಸಬೇಕು?

ಅಡ್ಮಿಷನ್‌ಗೆ ಹೋದಾಗ ಈ ಮೂರನ್ನೂ ಕೇಳಿ. ಹಳೆ ವಿದ್ಯಾರ್ಥಿಗಳು ಮಾಡಿದ ಕೆಲಸ ತೋರಿಸಿ ಅನ್ನಿ. ತಡಬಡಾಯಿಸಿದರೆ ಫೀಸಿನ ದುಡ್ಡು ಜೇಬಿನಲ್ಲೇ ಇರಲಿ. ಬಸ್ಸು ಹತ್ತಿ ವಾಪಸ್ ಬನ್ನಿ.